ನಳಿಗೆಯಲ್ಲಿರೋ ಮದ್ದಲ್ಲ, ಪಕ್ಕದ ಡಬ್ಬಿಯಲ್ಲಿರೋ ಮದ್ದು

ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರೋ ಬಸ್ಸಲ್ಲಿ ಕೂತು ಕೇಳ್ತಿದ್ರೆ ಒಳ್ಳೇದೇ ಆಯ್ತು, ಇವತ್ತಿನ ಕಥೆಗೆ ಸ್ವಲ್ಪ ಟೈಮ್ ಬೇಕು.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಸ್ಕೂಲ್ ಟ್ರಿಪ್‌ನಲ್ಲಿ ಹೋಗದೇ ಇರೋರು ಕಡಿಮೆ. ಅಲ್ಲಿನ ಪಶ್ಚಿಮದ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಆನೆ, ಕುದುರೆ, ಕೆಂಪು ಕೋಟಿನ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತಿರೋ ಕರ್ನಲ್ ಬೈಲಿ. ಗೈಡ್ ತೋರಿಸೋದು ಹೈದರ್ ಮತ್ತು ಟಿಪ್ಪುವನ್ನ. ನೀವು ಇನ್ನೊಂದು ಸಲ ಹೋದಾಗ ಬ್ರಿಟಿಷರ ಚೌಕದ ಮಧ್ಯೆ ನೋಡಿ. ಅಲ್ಲಿ ಒಂದು ಗಾಡಿ ಸಿಡಿಯುತ್ತಾ ಇದೆ. ನನ್ನ ಪ್ರಕಾರ ಇಡೀ ಗೋಡೆಯ ಹೀರೋ ಆ ಗಾಡಿಯೇ.

ಅದು ಮದ್ದಿನ ಗಾಡಿ. 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ತಿರ. ಬೈಲಿಯ ಸೈನ್ಯವನ್ನು ಮೈಸೂರಿನವರು ಸುತ್ತುವರಿದಿದ್ದರು. ಬೈಲಿಯ ಜನ ಚೌಕ ಕಟ್ಟಿಕೊಂಡು, ಸಿಡಿಮದ್ದಿನ ಗಾಡಿಗಳನ್ನು ಸುರಕ್ಷಿತವಾಗಿರಲಿ ಅಂತ ಮಧ್ಯದಲ್ಲಿ ಇಟ್ಟುಕೊಂಡಿದ್ದರು. ಅಲ್ಲಿಗೆ ಬೆಂಕಿ ಬಿತ್ತು. ಮೈಸೂರಿನ ರಾಕೆಟ್‌ನಿಂದ ಅಂತ ಕೆಲವರು, ಫಿರಂಗಿ ಗುಂಡಿನಿಂದ ಅಂತ ಕೆಲವರು ಬರೆದಿದ್ದಾರೆ. ಯಾವುದರಿಂದಾದರೂ ಸರಿ, ಗಾಡಿಗಳು ಸಿಡಿದ ಮೇಲೆ ಆ ಚೌಕ ಉಳಿಯಲಿಲ್ಲ. ಬೈಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ, 1782ರಲ್ಲಿ ಅಲ್ಲೇ ಸತ್ತ. ಆ ಸೆರೆಮನೆಗೆ ಈಗಲೂ ಅವನದೇ ಹೆಸರು.

ಈ ಎಪಿಸೋಡ್ ಮಾಡೋಕೆ ಕಾರಣ ಒಂದು ಡಿಎಂ. ದೇವನಹಳ್ಳಿ ಕೋಟೆ ಬಗ್ಗೆ ಮಾಡಿದ ಹಿಂದಿನ ಎಪಿಸೋಡ್ ಕೇಳಿ ಆರ್‌ಟಿ ನಗರದಲ್ಲಿರೋ ಒಬ್ಬ ಹುಡುಗ ಮೆಸೇಜ್ ಹಾಕಿದ್ದ. ಊರು ಮಲೆನಾಡು. ಅಜ್ಜ ತೀರಿಕೊಂಡು ವರ್ಷಗಳಾಗಿವೆ. ಅಟ್ಟ ಕ್ಲೀನ್ ಮಾಡುವಾಗ ಅಜ್ಜನ ಕೇಪಿನ ಕೋವಿ ಸಿಕ್ಕಿದೆ, ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಕರಿಪುಡಿ. "ಬ್ರೋ, ಒಂದು ಈಡು ಹೊಡೆದು ರೀಲ್ ಮಾಡಬಹುದಾ? ಹಳೇ ಮದ್ದು, ಪವರ್ ಹೋಗಿರುತ್ತೆ ಅಲ್ವಾ?" ಅಂತ ಪ್ರಶ್ನೆ.

ನಾನು ಬಿಕಾಂ ಓದಿದವನು, ಕೆಮಿಸ್ಟ್ರಿ ಅಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ.

ಮೊದಲು ಈ ಪುಡಿ ಏನು ಅಂತ ನೋಡೋಣ. ಬ್ಲ್ಯಾಕ್ ಪೌಡರ್, ನಮ್ಮ ಮಲೆನಾಡಿನ ಬಾಯಲ್ಲಿ ಮಸಿ. ಪೆಟ್ಲುಪ್ಪು, ಇದ್ದಿಲು, ಗಂಧಕ, ಇಷ್ಟೇ. ಇದರಲ್ಲಿ ದೊಡ್ಡ ಪಾಲು ಪೆಟ್ಲುಪ್ಪಿನದು. ಉರಿಯೋಕೆ ಬೇಕಾದ ಆಕ್ಸಿಜನ್ ಆ ಉಪ್ಪಿನೊಳಗೇ ಇದೆ. ಹಾಗಾಗಿ ಮುಚ್ಚಳ ಹಾಕಿ, ಗಾಳಿ ತಪ್ಪಿಸಿ ಆರಿಸ್ತೀನಿ ಅನ್ನೋ ಮಾತೇ ಇಲ್ಲ. ಬಯಲಲ್ಲಿ ಚಿಟಿಕೆ ಹಾಕಿ ಹಚ್ಚಿದರೆ ಭುಸ್ ಅಂತ ಉರಿದು ಹೊಗೆಯಾಗುತ್ತೆ. ಅದನ್ನೇ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಬಾಂಬು. ಹಚ್ಚೋಕೆ ದೊಡ್ಡ ಬೆಂಕಿಯೂ ಬೇಡ. ಬೀಡಿ ಕಿಡಿ, ಕಬ್ಬಿಣಕ್ಕೆ ಕಲ್ಲು ಉಜ್ಜಿದ ಕಿಡಿ, ಗಟ್ಟಿಯಾಗಿ ಬಿದ್ದ ಪೆಟ್ಟು ಸಾಕು.

ಈಗ ಲೆಕ್ಕ ಹಾಕಿ. ಇಂಥ ಕೋವಿಗೆ ಒಂದು ಈಡಿಗೆ ಸಾಮಾನ್ಯವಾಗಿ 4ರಿಂದ 6 ಗ್ರಾಂ ಮದ್ದು. ಅರ್ಧ ಕೆಜಿ ಡಬ್ಬಿ ಅಂದರೆ ಹೆಚ್ಚೂಕಮ್ಮಿ 100 ಈಡು ಒಟ್ಟಿಗೆ. ನಮಗೆ ಕಾಲೇಜಲ್ಲಿ ಸ್ಟಾಕ್ ಅಂದರೆ ಅಸೆಟ್ ಅಂತ ಹೇಳಿಕೊಟ್ಟರು. ಮದ್ದಿನ ವಿಷಯದಲ್ಲಿ ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ಒಂದೇ ಐಟಂ ಬರೀಬೇಕು. ನಳಿಗೆಯೊಳಗೆ ಹೋದ 5 ಗ್ರಾಂ ಕೆಲಸ ಮಾಡುತ್ತೆ. ಪಕ್ಕದಲ್ಲಿ ಕಾಯ್ತಾ ಕೂತಿರೋ 500 ಗ್ರಾಂ ಜನರನ್ನ ಕೊಲ್ಲುತ್ತೆ. ಬೈಲಿಗೆ ಆಗಿದ್ದು ಇದೇ.

ನಮ್ಮ ನಾರ್ತ್ ಬೆಂಗಳೂರಿನವರಿಗೆ ಈ ಸರಪಳಿ ಅರ್ಥ ಆಗೋದು ಸುಲಭ. 2019ರ ಫೆಬ್ರವರಿ 23, ಯಲಹಂಕ ಏರ್‌ಬೇಸ್, ಏರೋ ಇಂಡಿಯಾ. ಪಾರ್ಕಿಂಗ್ ಜಾಗದ ಒಣಹುಲ್ಲಿಗೆ ಬೆಂಕಿ ಹತ್ತಿತು. ಸುಮಾರು 300 ಕಾರು ಸುಟ್ಟುಹೋದವು. ಆ ಕರಿ ಹೊಗೆಯ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಮೊದಲ ಕಿಡಿ ಚಿಕ್ಕದು. ಪಕ್ಕಪಕ್ಕದಲ್ಲಿ ಏನು ನಿಲ್ಲಿಸಿದ್ದೀವಿ ಅನ್ನೋದೇ ಮುಂದಿನದನ್ನ ತೀರ್ಮಾನ ಮಾಡಿತು. ಅಲ್ಲಿ ಪೆಟ್ರೋಲು, ನಿಮಿಷಗಳ ಟೈಮ್ ಇತ್ತು, ಜನ ಬಚಾವಾದರು. ಮದ್ದು ಆ ಟೈಮ್ ಕೊಡಲ್ಲ.

ಪೊಳ್ಳಿಲೂರಿನಲ್ಲಿ ಗೆದ್ದವರಿಗೆ ಈ ಪಾಠ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಗಳನ್ನ ನೋಡಿ. ಇಟ್ಟಿಗೆ, ಗಾರೆ, ಮಾರುದ್ದದ ದಪ್ಪ ಗೋಡೆ, ಅರ್ಧ ಕಟ್ಟಡ ನೆಲದೊಳಗೆ. ಸಿಡಿದರೆ ಅದರ ಹೊಡೆತ ಪಕ್ಕಕ್ಕೆ ಹರಡಬಾರದು ಅನ್ನೋ ಲೆಕ್ಕಾಚಾರ ಅದು. ಅದರಲ್ಲೊಂದು ರೈಲ್ವೆ ಡಬ್ಲಿಂಗ್‌ಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನ ಬುಡಸಮೇತ ಎತ್ತಿ ಪಕ್ಕಕ್ಕೆ ಸಾಗಿಸಿದರು. ಒಡೆಯದೇ ಬಂತು ಅಂದರೆ ಕಟ್ಟಿದವರ ಕೈಗೆ ಒಂದು ಸಲಾಮ್ ಹೊಡೀಬೇಕು. ಬೆಂಗಳೂರಲ್ಲೂ ಕಲಾಸಿಪಾಳ್ಯದ ಹತ್ತಿರ ಅಂಥದ್ದೊಂದು ಇದೆ, ನಾವು ಅದರ ಪಕ್ಕದಲ್ಲೇ ಬಸ್ ಹಿಡೀತೀವಿ. ಇದಕ್ಕೆ ತದ್ವಿರುದ್ಧ ತಾರಾಮಂಡಲಪೇಟೆ. ಸಿಟಿ ಮಾರ್ಕೆಟ್ ಕಡೆ, ರಾಕೆಟ್ ತಯಾರಾಗುತ್ತಿದ್ದ ಜಾಗ ಅಂತ ಹೇಳ್ತಾರೆ. ಹೆಸರು ಎಷ್ಟು ಚಂದ! ಮನೆಗಳ ನಡುವೆ ಅಂಥ ಕೆಲಸ ನಡೀತಿತ್ತು ಅಂದರೆ ಅಕ್ಕಪಕ್ಕದವರು ಹೇಗೆ ನಿದ್ದೆ ಮಾಡ್ತಿದ್ದರೋ.

ಇಷ್ಟೆಲ್ಲ ಗೊತ್ತಿದ್ದೂ 1799ರ ಮೇ 2 ಬಂತು. ಬ್ರಿಟಿಷರು ಕೋಟೆಯ ಗೋಡೆ ಒಡೆಯೋಕೆ ಫಿರಂಗಿ ಹೊಡೀತಿದ್ದಾರೆ. ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಿತ್ತು. ದೊಡ್ಡ ಸ್ಫೋಟ. ಎರಡು ದಿನ ಕಳೆದು ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ಆ ಸ್ಫೋಟದಿಂದಲೇ ಕೋಟೆ ಬಿತ್ತು ಅಂತ ನಾನು ಹೇಳಲ್ಲ. ಗೋಡೆ ಒಡೆದಿದ್ದು ಫಿರಂಗಿ, ಒಳಗಿನವರ ದ್ರೋಹದ ಮಾತೂ ಇದೆ, ಅದು ಬೇರೆ ಎಪಿಸೋಡ್. ಆದರೆ 19 ವರ್ಷದಲ್ಲಿ ಅದೇ ಪುಡಿ ಒಂದು ಸಲ ನಮ್ಮ ಕಡೆ, ಇನ್ನೊಂದು ಸಲ ನಮ್ಮ ಮೇಲೆ. ಕೋಟೆ ಗೆದ್ದವರಿಗೆ ಸಿಕ್ಕ ರಾಕೆಟ್‌ಗಳಲ್ಲಿ ತುಂಬಿ ತಯಾರಾಗಿದ್ದವು 700, ಖಾಲಿ ಕೊಳವೆಗಳು 9,000 ಅಂತ ಲೆಕ್ಕ ಇದೆ. ಮದ್ದು ಸಾಲದೇ ಖಾಲಿ ಬಿಟ್ಟರೋ, ಬೇಕಾದಾಗ ಮಾತ್ರ ತುಂಬಬೇಕು ಅನ್ನೋ ಬುದ್ಧಿವಂತಿಕೆಯೋ? ಎರಡನೆಯದು ಅಂತ ನನ್ನ ಊಹೆ. ಆ ರಾಕೆಟ್‌ಗಳನ್ನ ನೋಡಿಯೇ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನದನ್ನ ಮಾಡಿದ್ದು, ಅದು ನಿಮಗೆ ಗೊತ್ತಿರೋ ಕಥೆ, ಬಿಡಿ.

ಕೋಟೆ ಹೋಯಿತು, ಆದರೆ ಮದ್ದು ನಮ್ಮ ನಾಡಿಂದ ಹೋಗಲಿಲ್ಲ. ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕಿಗೆ ಹೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. 1861ರಲ್ಲಿ ಬ್ರಿಟಿಷರ ಕಾಲದಲ್ಲೇ ಕೊಡವರಿಗೆ ಲೈಸೆನ್ಸ್ ವಿನಾಯಿತಿ ಸಿಕ್ಕಿತು, ಜಮ್ಮಾ ಹಿಡುವಳಿದಾರರಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಉಳಿದ ಮಲೆನಾಡಲ್ಲಿ ಬೆಳೆ ಕಾಯೋಕೆ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿಯ ಪ್ರಸ್ತಾಪ ಇದೆ. ಲೈಸೆನ್ಸ್ ಮಾತ್ರ ಬೇಕೇ ಬೇಕು. ಆರ್‌ಟಿ ನಗರದ ಹುಡುಗನ ಅಜ್ಜನದೂ ಅಂಥದ್ದೇ.

ಅಜ್ಜಂದಿರು ಸುಮ್ಮನೆ ಮಾಡ್ತಿದ್ದ ಕೆಲಸಗಳಲ್ಲಿ ಎಷ್ಟು ಇತಿಹಾಸ ಇದೆ ನೋಡಿ. ಒಂದು ಈಡು ಹೊಡೆದ ಮೇಲೆ ನಳಿಗೆಯ ತಳದಲ್ಲಿ ಕೆಂಡದ ಚೂರು ಉಳಿಯಬಹುದು. ಅದರ ಮೇಲೆ ಹೊಸ ಮದ್ದು ಸುರಿದರೆ ಕೈಯಲ್ಲೇ ಹೊತ್ತಿಕೊಳ್ಳುತ್ತೆ. ಅದಕ್ಕೇ ಫಿರಂಗಿಯವರು ಪ್ರತಿ ಗುಂಡಿನ ನಂತರ ಒದ್ದೆ ಕುಂಚ ಹಾಕಿ ನಳಿಗೆ ತೊಳೀತಿದ್ದರು, ಒಬ್ಬ ಹೆಬ್ಬೆರಳಿಂದ ಹಿಂದಿನ ತೂತು ಒತ್ತಿ ಹಿಡೀತಿದ್ದ, ಗಾಳಿ ನುಗ್ಗಿ ಕೆಂಡ ಹೊತ್ತಬಾರದು ಅಂತ. ಕೋವಿಯವರಿಗೆ ಇದರಿಂದ ಬಂದ ನಿಯಮ ಒಂದೇ: ಡಬ್ಬಿಯಿಂದ ಅಥವಾ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಅಳತೆ ಬಟ್ಟಲಿಗೆ ಒಂದು ಈಡಿನಷ್ಟು ಹಾಕಿ, ಡಬ್ಬಿ ಮುಚ್ಚಿ, ದೂರ ಇಟ್ಟು, ಆಮೇಲೆ ಸುರಿಯಬೇಕು. ಕೆಂಡ ಇದ್ದರೂ ಬೆರಳು ಸುಟ್ಟೀತು, ಜೀವ ಉಳಿದೀತು. ಪೊಳ್ಳಿಲೂರಿನ ಗಾಡಿಯ ಪಾಠವೇ ಇದು, ಸೈಜ್ ಚಿಕ್ಕದು ಅಷ್ಟೇ.

ಇನ್ನೊಂದು ಕಣ್ಣಿಗೆ ಕಾಣದ ವಿಷಯ, ಗುಂಡು ಮದ್ದಿಗೆ ತಾಗಿ ಕೂರಬೇಕು. ಮಧ್ಯೆ ಜಾಗ ಉಳಿದರೆ ಒತ್ತಡ ಅಲ್ಲಿ ಗುದ್ದಿ ನಳಿಗೆ ಉಬ್ಬಬಹುದು, ಒಡೆಯಬಹುದು. ಕೇಪು ಪಟ್ ಅಂದು ಈಡು ಹಾರದಿದ್ದರೆ ತಕ್ಷಣ ನಳಿಗೆಯೊಳಗೆ ಇಣುಕಬಾರದು, ತಡವಾಗಿ ಹಾರೋದುಂಟು. ಗುರಿಯ ಕಡೆಗೇ ತಿರುಗಿಸಿ ಕಾಯಬೇಕು. ಹಾರಿದೆ ಅಂದ್ಕೊಂಡು ಮತ್ತೊಂದು ಈಡು ತುಂಬೋದು ಇನ್ನೂ ಕೆಟ್ಟದ್ದು. 1863ರ ಗೆಟಿಸ್ಬರ್ಗ್ ಯುದ್ಧ ಮುಗಿದ ಮೇಲೆ ಹೊಲದಲ್ಲಿ ಹೆಕ್ಕಿದ ಬಂದೂಕುಗಳಲ್ಲಿ ಹೆಚ್ಚಿನವು ತುಂಬಿಯೇ ಇದ್ದವು, ಸಾವಿರಾರು ಒಂದಕ್ಕಿಂತ ಹೆಚ್ಚು ಸಲ. ಟ್ರೈನಿಂಗ್ ಆದ ಸೈನಿಕರ ಕಥೆ ಇದು. ಇನ್ನು, ತೋಟಾದಿಂದ ಬಿಚ್ಚಿದ ಹೊಗೆಯಿಲ್ಲದ ಮದ್ದನ್ನ ಕೇಪಿನ ಕೋವಿಗೆ ಹಾಕೋದು, ಪಟಾಕಿ ಬಿಚ್ಚಿದ ಪುಡಿ ಹಾಕೋದು, ಇವೆಲ್ಲ ಹವ್ಯಾಸ ಅಲ್ಲ. ಆ ನಳಿಗೆ ಆ ಒತ್ತಡಕ್ಕೆ ಮಾಡಿದ್ದೇ ಅಲ್ಲ.

ಈಗ ಅವನ ಕೊನೆ ಪ್ರಶ್ನೆ. ಹಳೇ ಮದ್ದಿಗೆ ಪವರ್ ಹೋಗಿರುತ್ತಾ?

ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ಬಿದನೂರು ನಗರ. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಒಂದು ಪಾಳುಬಾವಿ ಅಗೆದರು. ಅಗೆಯೋಕೆ ಕಾರಣ ಏನು ಗೊತ್ತಾ? ಆ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೀತಿತ್ತು. ಮಲೆನಾಡಿನ ಮಳೆ, 200ಕ್ಕೂ ಹೆಚ್ಚು ಮಳೆಗಾಲ, ಇನ್ನೂ ವಾಸನೆ! ಒಳಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್, ಒಂದೊಂದೂ 23ರಿಂದ 26 ಸೆಂಟಿಮೀಟರ್. ಪೆಟ್ಲುಪ್ಪು ನೀರು ಕುಡಿದರೆ ಮದ್ದು ಮಂಕಾಗುತ್ತೆ ನಿಜ. ಆದರೆ ಒಣಗಿದರೆ ಮತ್ತೆ ಎದ್ದು ಕೂರಬಹುದು. ಹಾಲಿನ ಪ್ಯಾಕೆಟ್ ಹಾಗೆ ಇದರ ಮೇಲೆ ಎಕ್ಸ್‌ಪೈರಿ ಡೇಟ್ ಇಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಅಂತರ್ಯುದ್ಧ ಕಾಲದ ಮದ್ದುಗುಂಡುಗಳನ್ನ ಸಂಗ್ರಹಿಸಿ ರಿಪೇರಿ ಮಾಡ್ತಿದ್ದ ಒಬ್ಬ ಅನುಭವಸ್ಥ ತನ್ನ ಮನೆ ಮುಂದೆ ಕೆಲಸ ಮಾಡುವಾಗ ಒಂದು ಫಿರಂಗಿ ಗುಂಡು ಸಿಡಿದು ಸತ್ತ. 140 ವರ್ಷಕ್ಕಿಂತ ಹಳೇ ಮದ್ದು. ಅದರ ಒಂದು ಚೂರು ಕಾಲು ಮೈಲಿ ಆಚೆಯ ಮನೆಯ ವರಾಂಡಕ್ಕೆ ಬಂದು ಬಿತ್ತು.

ಇದನ್ನೆಲ್ಲ ನಾನು ಆ ಹುಡುಗನಿಗೆ ವಾಯ್ಸ್ ನೋಟ್ ಮಾಡಿ ಕಳಿಸಿದೆ. ಡಬ್ಬಿ ಅಲುಗಾಡಿಸಬೇಡ, ಮುಚ್ಚಳ ತಿರುಗಿಸಬೇಡ, ಆ ಅಟ್ಟದ ಕೆಳಗೆ ಒಲೆ ಇದ್ದರೆ ಹಚ್ಚಬೇಡ, ಠಾಣೆಗೆ ಫೋನ್ ಮಾಡು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ವಾರಸುದಾರರು ಕೋವಿಯನ್ನ ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಡೆಪಾಸಿಟ್ ಮಾಡಬೇಕು, ಇವರ ಮನೆಯಲ್ಲಿ ಅದು ಯಾರಿಗೂ ನೆನಪೇ ಆಗಿರಲಿಲ್ಲ.

ಮುಂದಿನದು ಅವನೇ ಹೇಳಿದ್ದು. ಪೊಲೀಸರ ಜೊತೆ ಕೋವಿ ರಿಪೇರಿ ಗೊತ್ತಿರೋ ಒಬ್ಬ ವಯಸ್ಸಾದವರು ಬಂದರಂತೆ. ಎಲ್ಲರನ್ನೂ ಹಿಂದಕ್ಕೆ ಕಳಿಸಿ, ನಳಿಗೆ ಬಾಯಿಯನ್ನ ಗದ್ದೆ ಕಡೆ ತಿರುಗಿಸಿ, ಪಕ್ಕದಲ್ಲಿ ನಿಂತು ಗಜವನ್ನ ಮೆಲ್ಲಗೆ ಒಳಗೆ ಇಳಿಸಿದರು. ಬಾಯಿಯ ಅಂಚಿಗೆ ಉಗುರಿನಿಂದ ಗುರುತು ಮಾಡಿ ಹೊರತೆಗೆದು, ನಳಿಗೆಯ ಹೊರಗೆ ಉದ್ದಕ್ಕೆ ಹಿಡಿದು ನೋಡಿದರು. ಖಾಲಿ ಇದ್ದರೆ ಗಜ ಕೇಪು ಕೂರೋ ಜಾಗದ ತನಕ ಬರಬೇಕು. ನಾಲ್ಕು ಬೆರಳು ಕಡಿಮೆ ಬಂತು.

ಅಜ್ಜ ಕೊನೆಯ ಸಲ ಹಂದಿ ಕಾಯೋಕೆ ಹೋದಾಗ ತುಂಬಿದ ಈಡು, ಹೊಡೆಯದೇ ವಾಪಸ್ ಬಂದು ಅಟ್ಟಕ್ಕೆ ಇಟ್ಟಿದ್ದರು. ಹನ್ನೊಂದು ವರ್ಷ ಅದರ ಕೆಳಗೇ ಮನೆಯವರು ಊಟ ಮಾಡಿದ್ದಾರೆ.