ಓರಗೆಯವರ ಆಸರೆ: ವಿಶ್ವವಿದ್ಯಾಲಯಗಳಲ್ಲಿ ಗುಂಪು ಸಮಾಲೋಚನೆ ಬೆಳೆದು ಬಂದ ಬಗೆ

ಗುಂಪು ಸಮಾಲೋಚನೆ ಎಂದರೆ ತರಬೇತಿ ಪಡೆದ ಆಪ್ತ ಸಮಾಲೋಚಕರೊಬ್ಬರ ಸಮ್ಮುಖದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಂದೆಡೆ ಸೇರಿ ತಮ್ಮ ತೊಂದರೆಗಳನ್ನು ಪರಸ್ಪರ ಹೇಳಿಕೊಳ್ಳುವ, ಕೇಳಿಸಿಕೊಳ್ಳುವ ಪದ್ಧತಿ. ಓರಗೆಯವರ ನೆರವಿನಲ್ಲಿ ಸಮಾಲೋಚಕರು ಹಿನ್ನೆಲೆಯಲ್ಲಿರುತ್ತಾರೆ. ಕೆಲವು ವಾರಗಳ ತರಬೇತಿ ಪಡೆದ ವಿದ್ಯಾರ್ಥಿಯೇ ಇನ್ನೊಬ್ಬ ವಿದ್ಯಾರ್ಥಿಯ ಮಾತಿಗೆ ಕಿವಿಗೊಡುತ್ತಾನೆ. ಇಂದು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೂ ಇವುಗಳ ಮೂಲ ಬೇರೆ ಬೇರೆ. ಮೊದಲನೆಯದು ಆಸ್ಪತ್ರೆಯಲ್ಲಿ ಹುಟ್ಟಿತು, ಎರಡನೆಯದು ಸ್ವಯಂಸೇವೆಯಿಂದ ಬಂತು. 1960 ಮತ್ತು 70ರ ದಶಕಗಳಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ಎರಡೂ ಸಂಧಿಸಿದವು.

ಗುಂಪಿನ ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ 1905ರ ಬಾಸ್ಟನ್ ನಗರದಿಂದ ಆರಂಭಿಸುತ್ತಾರೆ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ಜೋಸೆಫ್ ಪ್ರ್ಯಾಟ್ ಅವರ ಬಳಿಗೆ ಬರುತ್ತಿದ್ದ ಕ್ಷಯರೋಗಿಗಳಲ್ಲಿ ಹಲವರಿಗೆ ಸ್ಯಾನಟೋರಿಯಂ ಖರ್ಚು ಭರಿಸುವ ಶಕ್ತಿ ಇರಲಿಲ್ಲ. ಎಮ್ಯಾನ್ಯುಯೆಲ್ ಚರ್ಚಿನ ಹಣದ ನೆರವಿನಿಂದ ಪ್ರ್ಯಾಟ್ ಇಂಥ ಬಡ ರೋಗಿಗಳಿಗಾಗಿ ಒಂದು 'ತರಗತಿ' ತೆರೆದರು. ರೋಗಿಗಳು ಮನೆಯಲ್ಲಿ ವಿಶ್ರಾಂತಿ, ಆಹಾರ, ಜ್ವರದ ವಿವರವನ್ನು ದಿನಚರಿ ಪುಸ್ತಕದಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಸೇರುತ್ತಿದ್ದರು. ಒಬ್ಬೊಬ್ಬರಿಗೇ ಹೇಳುವುದನ್ನು ಎಲ್ಲರಿಗೂ ಒಟ್ಟಿಗೆ ಹೇಳಿದರೆ ವೈದ್ಯರ ಸಮಯ ಉಳಿಯುತ್ತದೆ ಎಂಬುದೇ ಮೊದಲ ಉದ್ದೇಶವಾಗಿತ್ತು. ಬೇರೆ ಬೇರೆ ಕುಲ, ಮತ, ದೇಶಗಳಿಂದ ಬಂದಿದ್ದ ಆ ಜನರ ನಡುವೆ ಒಂದೇ ಕಾಯಿಲೆಯ ಕಾರಣಕ್ಕೆ ಬೆಳೆದ ಒಡನಾಟ ಔಷಧಿಯಷ್ಟೇ ಕೆಲಸ ಮಾಡುತ್ತಿದೆ ಎಂಬುದು ಪ್ರ್ಯಾಟ್ ಅವರಿಗೆ ಕಂಡದ್ದು ಆಮೇಲೆ. 1930ರಲ್ಲಿ ಅವರು ಇದೇ ಕ್ರಮವನ್ನು ಬಾಸ್ಟನ್ ಡಿಸ್ಪೆನ್ಸರಿಯಲ್ಲಿ ಮಾನಸಿಕ ಕಾರಣದ ನೋವುಗಳಿಂದ ಬಳಲುವವರಿಗೂ ಅನ್ವಯಿಸಿದರು. ಕೊರತೆಯಿಂದ ಹುಟ್ಟಿದ ಏರ್ಪಾಡು, ಬಳಕೆಯಲ್ಲಿ ಕಂಡುಕೊಂಡ ಗುಣ: ಈ ಕ್ರಮ ಮುಂದಿನ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಗುಂಪು ಸಮಾಲೋಚನೆಯನ್ನು ಬರೀ ಅಗ್ಗದ ಬದಲಿ ಎಂದು ನೋಡುವವರು ಇದರ ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಪ್ರ್ಯಾಟ್ ತರಗತಿ ತೆರೆದ ಕಾಲದಲ್ಲೇ ಅಮೆರಿಕದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಮನಸ್ಸಿನತ್ತ ನೋಡತೊಡಗಿದವು. ಯೇಲ್ ಪದವೀಧರ ಕ್ಲಿಫರ್ಡ್ ಬಿಯರ್ಸ್ ತಾವು ಮಾನಸಿಕ ಆಸ್ಪತ್ರೆಗಳಲ್ಲಿ ಅನುಭವಿಸಿದ್ದನ್ನು 1908ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದು ಮಾನಸಿಕ ಆರೋಗ್ಯ ಚಳವಳಿಗೆ ದಾರಿ ಮಾಡಿತು. ಓದಿನಲ್ಲಿ ಸಮರ್ಥರಾದ ವಿದ್ಯಾರ್ಥಿಗಳೂ ಭಾವನಾತ್ಮಕ ಕಾರಣಗಳಿಂದ ಕಾಲೇಜು ತೊರೆಯುತ್ತಿದ್ದುದನ್ನು ಗಮನಿಸಿ, 1910ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮನೋವೈದ್ಯ ಸ್ಟೂವರ್ಟ್ ಪೇಟನ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಸೇವೆಯೊಂದನ್ನು ಆರಂಭಿಸಿತು. ಇನ್ನೊಂದು ಕಡೆ ಫ್ರ್ಯಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್‌ನಲ್ಲಿ ತೆರೆದ ವೃತ್ತಿ ಮಾರ್ಗದರ್ಶನ ಕೇಂದ್ರದ ಮಾದರಿ ಕಾಲೇಜುಗಳಿಗೂ ಹಬ್ಬಿತು. ಈ ಸೇವೆಗಳೆಲ್ಲ ಮುಖ್ಯವಾಗಿ ಒಬ್ಬ ತಜ್ಞ, ಒಬ್ಬ ವಿದ್ಯಾರ್ಥಿ ಎಂಬ ಏರ್ಪಾಡಿನವು. ಪರೀಕ್ಷೆ ಕೊಟ್ಟು, ಅಂಕ ನೋಡಿ, ಸಲಹೆ ಹೇಳುವುದೇ ಅಲ್ಲಿನ ಕೆಲಸ.

ಈ ಏರ್ಪಾಡನ್ನು ಬದಲಿಸಿದ್ದು ಎರಡನೆಯ ಮಹಾಯುದ್ಧ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಬಳಿಯ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಮನಸ್ಸು ಕುಸಿದ ಸೈನಿಕರು ಹಲವರಿದ್ದರು, ಮನೋವೈದ್ಯರು ಕೆಲವರೇ. ಅಲ್ಲಿ ವಿಲ್ಫ್ರೆಡ್ ಬಿಯಾನ್, ಅವರ ಬಳಿಕ ಎಸ್. ಎಚ್. ಫೋಕ್ಸ್ ಸೈನಿಕರನ್ನು ಗುಂಪುಗಳಲ್ಲಿ ಕೂರಿಸಿ ನಡೆಸಿದ ಪ್ರಯೋಗಗಳು ಬ್ರಿಟನ್ನಿನ ಗುಂಪು ಚಿಕಿತ್ಸೆಗೆ ತಳಪಾಯ ಹಾಕಿದವು. ಅಮೆರಿಕದಲ್ಲಿ 1944ರ ಕಾಯ್ದೆಯೊಂದು ಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರದ ಖರ್ಚಿನಲ್ಲಿ ಓದುವ ಹಕ್ಕು ಕೊಟ್ಟಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಾಲೇಜು ಸೇರಿದರು. ಇವರಿಗೆ ನೆರವಾಗಬೇಕಾದ ಸಮಾಲೋಚಕರನ್ನು ಬೇಗ ಸಿದ್ಧಪಡಿಸಲು ಕಾರ್ಲ್ ರೋಜರ್ಸ್ 1946ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಗುಂಪು ಆಧಾರಿತ ತರಬೇತಿ ನಡೆಸಿದರು. ಕಲಿಯಲು ಬಂದವರು ಗುಂಪಿನಲ್ಲಿ ತಮ್ಮನ್ನೇ ತೆರೆದಿಟ್ಟುಕೊಂಡರು, ಅದರಿಂದ ಅವರೂ ಬದಲಾದರು.

ಅದೇ ವರ್ಷದ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಸಮುದಾಯಗಳ ನಡುವಿನ ವೈಷಮ್ಯ ತಗ್ಗಿಸುವ ಬಗ್ಗೆ ಕಮ್ಮಟ ನಡೆಸುತ್ತಿದ್ದರು. ಹಗಲಿನ ಚರ್ಚೆಗಳಲ್ಲಿ ಯಾರು ಹೇಗೆ ನಡೆದುಕೊಂಡರು ಎಂಬುದನ್ನು ಸಂಶೋಧಕರು ಸಂಜೆ ತಮ್ಮತಮ್ಮಲ್ಲೇ ಪರಿಶೀಲಿಸುವುದು ವಾಡಿಕೆಯಾಗಿತ್ತು. ಒಂದು ಸಂಜೆ ಕೆಲವು ಶಿಬಿರಾರ್ಥಿಗಳು ತಾವೂ ಕೂತು ಕೇಳಬಹುದೇ ಎಂದರು, ಲೆವಿನ್ ಒಪ್ಪಿದರು. ತನ್ನ ನಡವಳಿಕೆಯ ವರದಿ ಕೇಳಿದ ಶಿಬಿರಾರ್ಥಿಯೊಬ್ಬರು ಅದು ಹಾಗಲ್ಲ, ಹೀಗೆ ಎಂದು ತಕರಾರು ತೆಗೆದರು. ಆ ತಕರಾರಿನಿಂದ ಎದ್ದ ಚರ್ಚೆ ಹಗಲಿನ ಯಾವ ಪಾಠಕ್ಕಿಂತಲೂ ಹೆಚ್ಚು ಕಲಿಸಿತು. ಮುಂದಿನ ಸಂಜೆಗಳಲ್ಲಿ ಬರುವವರ ಸಂಖ್ಯೆ ಏರಿತು. ಲೆವಿನ್ 1947ರ ಫೆಬ್ರುವರಿಯಲ್ಲಿ ತೀರಿಕೊಂಡರೂ ಆ ವರ್ಷವೇ ಮೇಯ್ನ್ ರಾಜ್ಯದ ಬೆಥೆಲ್‌ನಲ್ಲಿ ಅವರ ಸಹೋದ್ಯೋಗಿಗಳು 'ಟಿ-ಗುಂಪು' ಎಂದು ಹೆಸರಾದ ತರಬೇತಿಯನ್ನು ಆರಂಭಿಸಿದರು. ಗುಂಪು ಇನ್ನು ಮೇಲೆ ರೋಗಿಗಳಿಗಷ್ಟೇ ಸೇರಿದ್ದಲ್ಲ, ಆರೋಗ್ಯವಂತ ಯುವಜನರೂ ಅಲ್ಲಿ ಕಲಿಯುವುದಿದೆ ಎಂಬ ನಂಬಿಕೆ ವಿಶ್ವವಿದ್ಯಾಲಯಗಳ ಬಾಗಿಲು ತೆರೆಸಿತು.

1960ರ ದಶಕದ ಕೊನೆಗೆ ಈ ನಂಬಿಕೆ ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಭರಾಟೆಯಾಯಿತು. 'ಎನ್‌ಕೌಂಟರ್ ಗುಂಪು'ಗಳಲ್ಲಿ ಮನಸ್ಸಿನಲ್ಲಿದ್ದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೊರಹಾಕುವುದೇ ಗುರಿಯಾಗಿತ್ತು. ಇದರ ಫಲವೇನು ಎಂದು ಅಳೆದು ನೋಡಿದ ಮಹತ್ವದ ಅಧ್ಯಯನ ನಡೆದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆಯೇ. ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲಮ್ ಮತ್ತು ಮ್ಯಾಥ್ಯೂ ಮೈಲ್ಸ್ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು 18 ಗುಂಪುಗಳಲ್ಲಿ ತಲಾ 30 ಗಂಟೆ ಸೇರಿಸಿ, ಬಳಿಕ ಅವರ ಸ್ಥಿತಿಯನ್ನು ಬೆನ್ನುಹತ್ತಿ ನೋಡಿದರು. ಹಲವರಿಗೆ ಪ್ರಯೋಜನವಾಗಿತ್ತು. ಆದರೆ 16 ವಿದ್ಯಾರ್ಥಿಗಳಿಗೆ ಗುಂಪಿನಿಂದಲೇ ಗಣನೀಯ ಮಾನಸಿಕ ಹಾನಿಯಾಗಿತ್ತು. ಹಾನಿ ಹೆಚ್ಚಾಗಿ ಕಂಡುಬಂದದ್ದು, ವರ್ಚಸ್ಸು ಬೀರುತ್ತ ಸದಸ್ಯರನ್ನು ಕೆಣಕಿ, ಬಾಯಿ ಬಿಡುವಂತೆ ಒತ್ತಾಯಿಸುವ ನಾಯಕರ ಗುಂಪುಗಳಲ್ಲಿ. 1973ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ಓದದೆ ವಿದ್ಯಾರ್ಥಿ ಗುಂಪು ನಡೆಸಲು ಹೊರಡಬಾರದು. ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಮಾತಾಡಿಸುವುದು, ಮೌನವಾಗಿರುವ ಹಕ್ಕನ್ನು ಎಲ್ಲರಿಗೂ ಬಿಡುವುದು, ಒಳಗಿನ ಮಾತು ಹೊರಗೆ ಹೋಗದಂತೆ ಮೊದಲೇ ಮಾತು ತೆಗೆದುಕೊಳ್ಳುವುದು ಎಷ್ಟು ಮುಖ್ಯವೆಂದು ತಿಳಿಯಲು ಆ 16 ಮಂದಿಯ ಕಥೆ ಸಾಕು.

ಯಾಲಮ್ 1970ರಲ್ಲಿ ಪ್ರಕಟಿಸಿದ ಗುಂಪು ಮನೋಚಿಕಿತ್ಸೆಯ ಗ್ರಂಥ ಈ ಕ್ಷೇತ್ರದ ಮೂಲ ಪಠ್ಯವಾಯಿತು. ಗುಂಪು ಏಕೆ ಗುಣಪಡಿಸುತ್ತದೆ ಎಂಬುದಕ್ಕೆ ಅವರು ಮುಂದೆ 11 ಅಂಶಗಳನ್ನು ಗುರುತಿಸಿದರು. ವಿದ್ಯಾರ್ಥಿಗಳ ಮಟ್ಟಿಗೆ ಇವುಗಳಲ್ಲಿ ಎರಡು ಎದ್ದು ಕಾಣುತ್ತವೆ. ಮೊದಲನೆಯದು, ಹೀಗಾಗುತ್ತಿರುವುದು ತನ್ನೊಬ್ಬನಿಗೇ ಅಲ್ಲ ಎಂಬ ಅರಿವು. ಪರೀಕ್ಷೆಯ ಹಿಂದಿನ ರಾತ್ರಿ ಕೈ ನಡುಗುವುದು, ತರಗತಿಯಲ್ಲಿ ಎದ್ದು ನಿಂತರೆ ಮಾತು ಹೊರಡದಿರುವುದು, ಮನೆಯ ಸಾಲ ನೆನಪಾಗಿ ಪುಸ್ತಕದ ಅಕ್ಷರ ಕಾಣದಾಗುವುದು ತನ್ನ ದೌರ್ಬಲ್ಯವೆಂದು ಬಗೆದಿದ್ದವನಿಗೆ ಪಕ್ಕದ ಕುರ್ಚಿಯವನೂ ಅದನ್ನೇ ಹೇಳಿದಾಗ ಅರ್ಧ ಭಾರ ಇಳಿಯುತ್ತದೆ. ಎರಡನೆಯದು, ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೆನೆಂಬ ಸಮಾಧಾನ. ಒಬ್ಬರಿಗೊಬ್ಬರು ಕೂರುವ ಸಮಾಲೋಚನೆಯಲ್ಲಿ ವಿದ್ಯಾರ್ಥಿ ಯಾವಾಗಲೂ ಪಡೆಯುವವನು. ಗುಂಪಿನಲ್ಲಿ ಮಾತ್ರ ಅವನು ಕೊಡುವವನೂ ಆಗುತ್ತಾನೆ.

ಓರಗೆಯವರ ನೆರವಿನ ಧಾರೆ ಬೇರೆ ಕಡೆಯಿಂದ ಹರಿದು ಬಂತು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಆತ್ಮಹತ್ಯೆಯ ಅಂಚಿನಲ್ಲಿರುವವರಿಗಾಗಿ ದೂರವಾಣಿ ಸೇವೆ ಆರಂಭಿಸಿದರು. ಅವರನ್ನು ಕಾಣಲು ಸರದಿ ಕಾಯುತ್ತಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಹಾಗೆ ಮಾತಾಡಿ ಮುಗಿಸಿದ ಹಲವರಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಆ ಸ್ವಯಂಸೇವಕರೇ ಮುಂದೆ 'ಸಮ್ಯಾರಿಟನ್ಸ್' ಸಂಸ್ಥೆಯ ಬೆನ್ನೆಲುಬಾದರು. ಇದೇ ಜಾಡಿನಲ್ಲಿ 1970ರಲ್ಲಿ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ 'ನೈಟ್‌ಲೈನ್' ಶುರುವಾಯಿತು. ಕಚೇರಿಗಳೆಲ್ಲ ಮುಚ್ಚಿದ ರಾತ್ರಿ ಹೊತ್ತಿನಲ್ಲಿ ವಿದ್ಯಾರ್ಥಿಯ ಕರೆಗೆ ವಿದ್ಯಾರ್ಥಿಯೇ ಓಗೊಡುವ ವ್ಯವಸ್ಥೆ ಅದು. ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ 'ಬ್ರಿಡ್ಜ್' ಎಂಬ ವಿದ್ಯಾರ್ಥಿ ಸಮಾಲೋಚನಾ ಕೇಂದ್ರ ತೆರೆಯಿತು. ಅಲ್ಲಿನ ಅನುಭವವನ್ನು ಆಧರಿಸಿ ವಿನ್ಸೆಂಟ್ ಡಿ'ಆಂಡ್ರಿಯಾ ಮತ್ತು ಪೀಟರ್ ಸಾಲೋವೆ 1983ರಲ್ಲಿ ತಂದ ಕೈಪಿಡಿ ಹಲವು ದೇಶಗಳಲ್ಲಿ ಬಳಕೆಯಾಯಿತು.

ತಜ್ಞರಲ್ಲದವರ ಕೈಗೆ ಈ ಕೆಲಸ ಕೊಡಬಹುದೇ ಎಂಬ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರ ಅನೇಕರಿಗೆ ಇರುಸುಮುರುಸು ತಂದಿತು. 1966ರಲ್ಲಿ ಕೆನಡಾದ ಅರ್ನೆಸ್ಟ್ ಪೋಸರ್, ದೀರ್ಘಕಾಲದ ಮನೋರೋಗಿಗಳ ಗುಂಪುಗಳನ್ನು ನಡೆಸಿದ ಪದವಿ ವಿದ್ಯಾರ್ಥಿನಿಯರು ತರಬೇತಾದ ಚಿಕಿತ್ಸಕರಿಗಿಂತ ಹಿಂದೆ ಬೀಳಲಿಲ್ಲವೆಂದು ವರದಿ ಮಾಡಿದರು. 1979ರಲ್ಲಿ ಜೋಸೆಫ್ ಡರ್ಲಾಕ್ 42 ಅಧ್ಯಯನಗಳನ್ನು ಒಟ್ಟಾಗಿ ನೋಡಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದರು. ಅದೇ ವರ್ಷ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹ್ಯಾನ್ಸ್ ಸ್ಟ್ರಪ್ ಮತ್ತು ಸುಝಾನ್ ಹ್ಯಾಡ್ಲಿ, ಖಿನ್ನತೆ ಮತ್ತು ಆತಂಕವಿದ್ದ ವಿದ್ಯಾರ್ಥಿಗಳನ್ನು ಅನುಭವಿ ಚಿಕಿತ್ಸಕರ ಬಳಿಯೂ ಆತ್ಮೀಯ ಸ್ವಭಾವದ ಅಧ್ಯಾಪಕರ ಬಳಿಯೂ ಕಳಿಸಿ ನೋಡಿದಾಗ ಎರಡೂ ಕಡೆ ಸುಧಾರಣೆ ಸರಾಸರಿಯಲ್ಲಿ ಸಮನಾಗಿತ್ತು. ಈ ಫಲಿತಾಂಶಗಳಿಂದ ತಜ್ಞರೇ ಬೇಡವೆಂಬ ಅರ್ಥ ತೆಗೆಯುವುದು ತಪ್ಪು. ಇಲ್ಲೆಲ್ಲ ನೆರವಾದವರನ್ನು ಆಯ್ದುಕೊಂಡಿದ್ದರು, ಅವರ ಹಿಂದೆ ಸಂಶೋಧಕರ ಕಣ್ಣಿತ್ತು. ಕಿವಿಗೊಡುವ ಗೆಳೆಯ ಯಾವ ಹಂತದಲ್ಲಿ ವೈದ್ಯರ ಬಳಿ ಕರೆದೊಯ್ಯಬೇಕೆಂದು ತಿಳಿದಿರಬೇಕು. ಇಲ್ಲವಾದರೆ ಹೊರಲಾರದ ಹೊರೆ ಅವನ ತಲೆಯ ಮೇಲೂ ಬೀಳುತ್ತದೆ.

ಭಾರತದಲ್ಲಿ ಮನೋವಿಜ್ಞಾನ ವಿಶ್ವವಿದ್ಯಾಲಯ ಪ್ರವೇಶಿಸಿದ್ದು ಮೊದಲು ಕಲ್ಕತ್ತೆಯಲ್ಲಿ, ನಂತರ ಮೈಸೂರಿನಲ್ಲಿ. ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದಾಗ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ವಿಭಾಗ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ತಜ್ಞರನ್ನು ತಯಾರು ಮಾಡುವ ಕೆಲಸ ಹೀಗೆ ಬೇಗ ಶುರುವಾದರೂ ಅವರು ಕಾಲೇಜಿನ ಅಂಗಳಕ್ಕೆ ಬರುವುದು ಬಹಳ ತಡವಾಯಿತು. 1964–66ರ ಕೊಠಾರಿ ಆಯೋಗ ಉನ್ನತ ಶಿಕ್ಷಣದಲ್ಲಿ ಪ್ರತಿ ಸಾವಿರ ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರಿರಬೇಕೆಂದು ಹೇಳಿತ್ತು. ಆ ಮಾತು ಬಹುಮಟ್ಟಿಗೆ ವರದಿಯಲ್ಲೇ ಉಳಿಯಿತು.

ಹಾಗಾದರೆ ಆ ದಶಕಗಳ ವಿದ್ಯಾರ್ಥಿಗಳಿಗೆ ಆಸರೆಯಾದದ್ದು ಯಾವುದು? ಕರ್ನಾಟಕದ ಮಟ್ಟಿಗೆ ಉತ್ತರ ವಿದ್ಯಾರ್ಥಿನಿಲಯಗಳಲ್ಲಿದೆ. ವಾರಾನ್ನದ ಮನೆಗಳನ್ನು ನಂಬಿ ಓದುತ್ತಿದ್ದ ಕಾಲದಿಂದ ಮಠಗಳ ಪ್ರಸಾದನಿಲಯ, 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಂಸ್ಥೆಗಳ ಹಾಸ್ಟೆಲು, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಾಡಿದ ಏರ್ಪಾಡು, ಬಳಿಕ ಸರ್ಕಾರದ ಹಾಸ್ಟೆಲುಗಳವರೆಗೆ ಹಳ್ಳಿಯಿಂದ ಬಂದ ಹುಡುಗನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಚಾಪೆಯ ಗೆಳೆಯ. ಅಲ್ಲಿ ಫೀಸಿಗೆ ದುಡ್ಡು ಹೊಂದಿಸುವುದರಿಂದ ಹಿಡಿದು ಮನೆಯ ನೆನಪಿಗೆ ಸಾಂತ್ವನದವರೆಗೆ ಎಲ್ಲವೂ ನಡೆಯುತ್ತಿತ್ತು. ಇದನ್ನು ಹೊಗಳುವಾಗ ಮಿತಿಯನ್ನೂ ಹೇಳಬೇಕು. ಈ ನಿಲಯಗಳಲ್ಲಿ ಹಲವು ಜಾತಿಯ ಗೆರೆಯೊಳಗೇ ಕಟ್ಟಿದಂಥವು, ಹುಡುಗಿಯರಿಗೆ ಜಾಗ ಸಿಕ್ಕಿದ್ದು ತಡವಾಗಿ.

ಓರಗೆಯವರು ಯಾರು ಎಂಬ ಪ್ರಶ್ನೆ ಭಾರತದಲ್ಲಿ ಹೀಗೆ ಜಾತಿಯನ್ನು ಬಿಟ್ಟು ಉತ್ತರಿಸಲಾಗದ್ದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಗ್ಗೆ ವರದಿ ಕೊಟ್ಟ ಥೋರಟ್ ಸಮಿತಿ 2007ರಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಬೇರೆಯಾಗಿ ಉಳಿಯಬೇಕಾದ ಸ್ಥಿತಿಯನ್ನು ದಾಖಲಿಸಿತು. ಒಂದೇ ತರಗತಿ, ಒಂದೇ ವಯಸ್ಸು ಎಂದ ಮಾತ್ರಕ್ಕೆ ಸಮಾನತೆ ಬಂದುಬಿಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜಿಗೆ ಬಂದವರನ್ನು ಇಂಗ್ಲಿಷಿನಲ್ಲೇ ಮಾತಾಡುವ ಗುಂಪಿನಲ್ಲಿ ಕೂರಿಸಿದರೆ ಅವರು ಅಲ್ಲಿಯೂ ಬಾಯಿ ಬಿಡುವುದಿಲ್ಲ. ದುಃಖ ಹೇಳಿಕೊಳ್ಳಲು ಮನೆಮಾತು ಬೇಕು. ಕರ್ನಾಟಕದ ಕಾಲೇಜುಗಳಲ್ಲಿ ಗುಂಪು ರಚಿಸುವವರು ಮೊದಲು ಗಮನಿಸಬೇಕಾದದ್ದು ಇದು.

ಓರಗೆಯವರ ನೆರವಿಗೆ ದೇಶದಲ್ಲಿ ಕಾನೂನಿನ ಬಲ ಬಂದದ್ದು ರ್‍ಯಾಗಿಂಗ್ ವಿರೋಧಿ ಕ್ರಮಗಳ ಮೂಲಕ. ಸುಪ್ರೀಂ ಕೋರ್ಟ್ ನೇಮಕದ ರಾಘವನ್ ಸಮಿತಿಯ 2007ರ ವರದಿಯ ಬಳಿಕ, ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಹೊರಡಿಸಿದ ನಿಯಮಾವಳಿ ಪ್ರತಿ ಸಂಸ್ಥೆಯಲ್ಲಿ ಹಿರಿಯ ವಿದ್ಯಾರ್ಥಿಗಳ ಮಾರ್ಗದರ್ಶಕ ಕೋಶ ಇರಬೇಕೆಂದಿತು. ಆರು ಹೊಸಬರಿಗೆ ಒಬ್ಬ ಹಿರಿಯ, ಅಂಥ ಆರು ಹಿರಿಯರಿಗೆ ಮೇಲಿನ ಹಂತದ ಒಬ್ಬ ಮಾರ್ಗದರ್ಶಕ ಎಂಬುದು ಅದರ ಲೆಕ್ಕ. ಯಾರಿಂದ ಭಯವಿತ್ತೋ ಅವರ ಕೈಗೇ ಹೊಣೆ ಒಪ್ಪಿಸಿದ ಈ ನಿಯಮ ಧೈರ್ಯದ್ದು. ಆದರೆ ಮಾರ್ಗದರ್ಶಕನಿಗೆ ತರಬೇತಿ ಕೊಡದೆ ಹೆಸರು ಬರೆದುಕೊಂಡು ಮುಗಿಸಿದ ಕಡೆ ಅದು ಕಡತದ ಕೆಲಸವಾಗುತ್ತದೆ.

ಕರ್ನಾಟಕದಲ್ಲಿ ಈ ಕೊರತೆಯನ್ನು ಗಂಭೀರವಾಗಿ ಎದುರಿಸಿದ್ದು ರಾಜ್ಯದ ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಜಂಟಿಯಾಗಿ ರೂಪಿಸಿದ 'ಯುವ ಸ್ಪಂದನ'. ಸ್ಥಳೀಯ ಯುವಕ ಯುವತಿಯರನ್ನೇ ಆಯ್ದು, ತರಬೇತಿ ಕೊಟ್ಟು, 'ಯುವ ಪರಿವರ್ತಕ'ರೆಂದು ಜಿಲ್ಲೆಗಳಿಗೆ ಕಳಿಸಿದ ಕಾರ್ಯಕ್ರಮವಿದು. ಓದು, ಸಂಬಂಧ, ಉದ್ಯೋಗ, ಕುಡಿತದಂಥ ವಿಷಯಗಳನ್ನು ಅವರು ತಮ್ಮ ಸೀಮೆಯ ಮಾತಿನಲ್ಲೇ ಚರ್ಚಿಸುತ್ತಾರೆ. ತಮ್ಮ ಕೈ ಮೀರಿದ್ದನ್ನು ತಜ್ಞರಿಗೆ ಒಪ್ಪಿಸುತ್ತಾರೆ. ಓರಗೆಯವರ ನೆರವಿಗೆ ಬೇಕಾದ ಆಯ್ಕೆ, ತರಬೇತಿ, ಬೆನ್ನ ಹಿಂದಿನ ತಜ್ಞಬಲ ಮೂರೂ ಇಲ್ಲಿ ಕೂಡಿವೆ.

ಸಮಸ್ಯೆಯ ಗಾತ್ರ ಮಾತ್ರ ಈ ಎಲ್ಲ ಪ್ರಯತ್ನಗಳನ್ನು ಮೀರಿ ಬೆಳೆದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ನಿಮ್ಹಾನ್ಸ್ ಶಿಖರ ಕೇಂದ್ರವಾಯಿತು. 2023ರಲ್ಲಿ ಧನಸಹಾಯ ಆಯೋಗ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯದ ಮಾರ್ಗಸೂಚಿ ಪ್ರಕಟಿಸಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈ 25ರ ಇನ್ನೊಂದು ತೀರ್ಪಿನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು, ಪರೀಕ್ಷೆಯಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳ ಚಿಕ್ಕ ಗುಂಪುಗಳಿಗೆ ಮಾರ್ಗದರ್ಶಕರನ್ನು ಗೊತ್ತುಮಾಡಬೇಕು ಎಂದು ನಿರ್ದೇಶಿಸಿತು.