ಹಲವರ ಕೈಗೆ ಒಂದು ಮೇಜು

ನಾಲ್ವರು ಸುತ್ತ ಕುಳಿತು, ಮೇಲಣ ಚಿತ್ರಗಳನ್ನೂ ಬರಹಗಳನ್ನೂ ಬೆರಳಿನಿಂದಲೇ ಸರಿಸುತ್ತ, ತಿರುಗಿಸುತ್ತ, ಒಟ್ಟಾಗಿ ಕೆಲಸಮಾಡತಕ್ಕ ಗಣಕಯಂತ್ರದ ಮೇಜಿಗೆ ಬಹುಸ್ಪರ್ಶ ಮೇಜೆಂದು ಹೆಸರು. ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಬೆರಳುಗಳನ್ನು ಎಣಿಸುತ್ತ ಹೋಗುವರು. ಯಂತ್ರವು ಒಮ್ಮೆಗೇ ಎಷ್ಟು ಬೆರಳುಗಳನ್ನು ಕಂಡಿತೆಂಬುದಕ್ಕಿಂತ, ಅವು ಯಾರ ಬೆರಳುಗಳೆಂಬುದನ್ನು ಅದು ಬಲ್ಲುದೇ ಎಂಬ ಪ್ರಶ್ನೆಯೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

1982ನೆಯ ಇಸವಿಯಲ್ಲಿ ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹತಾ ಎಂಬವರು ಮಸುಕುಗಾಜಿನ ಹಲಗೆಯ ಹಿಂದೆ ಕ್ಯಾಮೆರಾವನ್ನಿಟ್ಟು, ಬೆರಳೊತ್ತಿದ ಕಡೆಗಳಲ್ಲೆಲ್ಲ ಕರಿಯ ಚುಕ್ಕೆ ಕಾಣುವಂತೆ ಮಾಡಿದರು. ಒತ್ತಿದಷ್ಟೂ ಚುಕ್ಕೆಯು ಹಿಗ್ಗುತ್ತಿದ್ದಿತು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಜೆರಾಕ್ಸ್ ಪ್ರಯೋಗಾಲಯದಲ್ಲಿ ಪಿಯರ್ ವೆಲ್ನರ್ ಎಂಬವರು ಬರೆಯುವ ಮೇಜಿನ ಮೇಲ್ಗಡೆ ಕ್ಯಾಮೆರಾವನ್ನೂ ಪ್ರಕ್ಷೇಪಕವನ್ನೂ ನಿಲ್ಲಿಸಿ, ಕಾಗದವೂ ಬೆಳಕಿನ ಚಿತ್ರವೂ ಒಂದೇ ಹಾಸಿನಲ್ಲಿ ಬೆರೆಯುವಂತೆ ಮಾಡಿದರು. ಆದರೆ ಅದು ಬಹುಮಟ್ಟಿಗೆ ಒಬ್ಬರ ಮೇಜು.

ಹಲವರ ಮೇಜು ಹುಟ್ಟಿದುದು 2001ರಲ್ಲಿ, ಅಮೆರಿಕೆಯ ಕೇಂಬ್ರಿಜಿನ (ಹೆಸರೊಂದೇ, ಊರು ಬೇರೆ) ಮಿತ್ಸುಬಿಷಿ ಪ್ರಯೋಗಾಲಯದಲ್ಲಿ. ಅದರ ಹೆಸರು ಡೈಮಂಡ್‌ಟಚ್. ಕರ್ತೃಗಳು ಪಾಲ್ ಡೀಟ್ಸ್ ಮತ್ತು ಡ್ಯಾರೆನ್ ಲೀ. ಹಲಗೆಯೊಳಗೆ ಅಡ್ಡಲಾಗಿಯೂ ಉದ್ದಲಾಗಿಯೂ ವಾಹಕಗಳನ್ನು ಹಾಸಿ, ಒಂದೊಂದರಲ್ಲಿಯೂ ಬೇರೆಬೇರೆಯಾಗಿ ಗುರುತಿಸಬಹುದಾದ ಕ್ಷೀಣವಾದ ವಿದ್ಯುತ್ಸಂಕೇತವನ್ನು ಅವರು ಹರಿಯಿಸಿದರು. ಬೆರಳು ತಾಗಿದೊಡನೆ ಆ ಸಂಕೇತವು ಮುಟ್ಟಿದವರ ಮೈಯನ್ನೇ ದಾರಿಮಾಡಿಕೊಂಡು, ಅವರು ಕುಳಿತ ಕುರ್ಚಿಗೆ ಜೋಡಿಸಿದ ಗ್ರಾಹಕವನ್ನು ಸೇರುವುದು. ಯಾವ ಕುರ್ಚಿಗೆ ಯಾವ ಸಂಕೇತವು ಬಂದಿತೆಂದು ನೋಡಿ, ಎಲ್ಲಿ ಮುಟ್ಟಿದರು, ಯಾರು ಮುಟ್ಟಿದರು ಎಂಬೆರಡನ್ನೂ ಯಂತ್ರವು ಅರಿಯುವುದು. ಮೇಜಿನ ಮೇಲೆ ಕಾಫಿಯ ಲೋಟವನ್ನಿಟ್ಟರೆ ಅದಕ್ಕೆ ಕುರ್ಚಿಯಿಲ್ಲ. ಆದುದರಿಂದ ಯಂತ್ರವು ಅದನ್ನು ಲೆಕ್ಕಿಸದು.

ಈ ಅರಿವಿನಿಂದಾದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಜನರು ಮೇಜನ್ನು ತಮ್ಮತಮ್ಮಲ್ಲಿ ಹೇಗೆ ಹಂಚಿಕೊಳ್ಳುವರೆಂಬುದನ್ನು ಸ್ಟೇಸಿ ಸ್ಕಾಟ್ ಮೊದಲಾದವರು 2004ರಲ್ಲಿ ಪ್ರಕಟಿಸಿದರು. ಯಾರೂ ಗೆರೆ ಎಳೆಯದಿದ್ದರೂ ಎದುರಿನ ಜಾಗವು ತನ್ನದು, ನಡುವಿನದು ಎಲ್ಲರದು, ಉಳಿದ ಕಡೆ ಸಾಮಾನಿಡತಕ್ಕದ್ದು ಎಂಬ ಏರ್ಪಾಡು ತಾನಾಗಿಯೇ ಬೆಳೆಯುತ್ತದೆ. ಮರ್ಯಾದೆಯೊಂದೇ ಎಲ್ಲ ವೇಳೆಯಲ್ಲಿಯೂ ಸಾಲದೆಂಬುದನ್ನು ಮೆರಿಡಿತ್ ಮಾರಿಸ್ ಮತ್ತು ಸಂಗಡಿಗರು ಅದೇ ವರ್ಷ ಡೈಮಂಡ್‌ಟಚ್ ಮೇಜಿನ ಆಧಾರದಿಂದ ವಾದಿಸಿದರು. ಒಬ್ಬರು ನೋಡುತ್ತಿರುವ ಪತ್ರವನ್ನು ಮತ್ತೊಬ್ಬರು ಎಳೆದುಕೊಂಡರೆ ಯಂತ್ರವು ತಡೆಯಬೇಕೇ, ಸುಮ್ಮನಿರಬೇಕೇ? ಕೈ ಯಾರದೆಂದು ತಿಳಿದಲ್ಲದೆ ಈ ಪ್ರಶ್ನೆಯೇ ಏಳದು.

ಮುಂದೆ ನಡೆದುದು ಬೇರೆ. 2005ರಲ್ಲಿ ನ್ಯೂಯಾರ್ಕಿನ ಜೆಫ್ ಹಾನ್ ಎಂಬವರು ಪಾರದರ್ಶಕ ಹಲಗೆಯ ಅಂಚಿನಿಂದ ಅವಕೆಂಪು ಬೆಳಕನ್ನು ಹಾಯಿಸಿ, ಬೆರಳು ಒತ್ತಿದಲ್ಲಿ ಅದು ಕೆಳಗೆ ಚೆದುರುವುದನ್ನು ಕ್ಯಾಮೆರಾದಿಂದ ಹಿಡಿದರು. ವಿಧಾನವು ಸುಲಭ, ವೆಚ್ಚವು ಕಡಿಮೆ. ಬೆರಳುಗಳೆಷ್ಟಿದ್ದರೂ ಕಾಣುವುದು, ಯಾರವೆಂಬುದು ಮಾತ್ರ ಕಾಣದು. 2007ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಘೋಷಿಸಿದ ಸರ್ಫೇಸ್ ಎಂಬ ಮೇಜೂ ಕೆಳಗಿನ ಕ್ಯಾಮೆರಾಗಳಿಂದಲೇ ನೋಡುತ್ತಿದ್ದಿತು. ಅದೇ ವರ್ಷದ ಜನವರಿಯಲ್ಲಿ ಆ್ಯಪಲ್ ಸಂಸ್ಥೆಯು ಬಹುಸ್ಪರ್ಶವನ್ನು ಅಂಗೈಯಗಲದ ದೂರವಾಣಿಯಲ್ಲಿ ತೋರಿಸಿದ್ದಿತು. ಒಬ್ಬನೇ ಹಿಡಿಯುವ ಯಂತ್ರಕ್ಕೆ ಕೈ ಯಾರದೆಂದು ಕೇಳುವ ಅಗತ್ಯವೆಲ್ಲಿಯದು? 2012ರಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಮೇಜಿಗೆ ಪಿಕ್ಸೆಲ್‌ಸೆನ್ಸ್ ಎಂದು ಹೆಸರು ಬದಲಿಸಿ, ಸರ್ಫೇಸ್ ಎಂಬ ಹಳೆಯ ಹೆಸರನ್ನು ಒಬ್ಬರು ತೊಡೆಯ ಮೇಲಿಟ್ಟುಕೊಳ್ಳತಕ್ಕ ಹಲಗೆಗಣಕಕ್ಕೆ ಕೊಟ್ಟರು.