ಹುಟ್ಟದ ಕೂಸಿಗೆ ಹೊಲಿದ ಕುಲಾವಿಗಳು: ತೆರೆಗೆ ಬಾರದ ಸೂಪರ್‌ಹೀರೋ ಸಿನಿಮಾಗಳ ಚರಿತ್ರೆ

ಇವತ್ತು ನಾನು ಹೇಳೋಕೆ ಹೊರಟಿರೋದು ತಯಾರಾಗದೇ ಹೋದ ಸಿನಿಮಾಗಳ ಚರಿತ್ರೆ. ತಯಾರೇ ಆಗದ ಸಿನಿಮಾಕ್ಕೆ ಎಂಥ ಚರಿತ್ರೆ ಅಂತ ನೀವು ಕೇಳಬಹುದು. ಇದೆ, ಸ್ವಾರಸ್ಯವಾಗಿಯೇ ಇದೆ.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅಮೆರಿಕದ ಕಾಮಿಕ್ಸ್ ಓದುಗರು ಆ ಕೆಲಸವನ್ನ ದಶಕಗಳಿಂದ ಶ್ರದ್ಧೆಯಿಂದ ಮಾಡ್ಕೊಂಡು ಬಂದಿದ್ದಾರೆ. ಸಿನಿಮಾ ಘೋಷಣೆ ಆಗಿರಲ್ಲ, ಕಥೆ ಬರೆದಿರಲ್ಲ, ಆದರೆ ಯಾವ ಪಾತ್ರ ಯಾರು ಮಾಡಬೇಕು ಅನ್ನೋ ಪಟ್ಟಿ ಮಾತ್ರ ಸಿದ್ಧವಾಗಿರುತ್ತೆ. ಇದಕ್ಕೆ ಅವರಿಟ್ಟ ಹೆಸರು ‘ಫ್ಯಾನ್ ಕಾಸ್ಟಿಂಗ್’. ಮೇಲ್ನೋಟಕ್ಕೆ ಹುಡುಗಾಟ. ಆದರೆ ಈ ಪಟ್ಟಿಗಳನ್ನ ಒಂದರ ಪಕ್ಕ ಒಂದಿಟ್ಟು ನೋಡಿ. ವೀರ ಅನ್ನೋನ ಮುಖ ಹೇಗಿರಬೇಕು, ಅದನ್ನ ತೀರ್ಮಾನ ಮಾಡೋರು ಯಾರು ಅನ್ನೋ ದೊಡ್ಡ ಜಗಳವೇ ಅಲ್ಲಿ ಕಾಣುತ್ತೆ.

ಐವತ್ತು ಸಾವಿರ ಕಾಗದ

1988ಕ್ಕೆ ಹೋಗೋಣ. ವಾರ್ನರ್ ಬ್ರದರ್ಸ್ ಕಂಪನಿ ‘ಬ್ಯಾಟ್‌ಮನ್’ ಸಿನಿಮಾಕ್ಕೆ ನಾಯಕನನ್ನ ಆರಿಸ್ತು. ನಿರ್ದೇಶಕ ಟಿಮ್ ಬರ್ಟನ್, ನಾಯಕ ಮೈಕೆಲ್ ಕೀಟನ್. ಆಗ ಕೀಟನ್ ಅಂದ್ರೆ ಹಾಸ್ಯನಟ. 1983ರ ‘ಮಿಸ್ಟರ್ ಮಾಮ್’ನಲ್ಲಿ ಕೆಲಸ ಕಳ್ಕೊಂಡು ಮನೆ ಮಕ್ಕಳನ್ನ ನೋಡ್ಕೊಳ್ಳೋ ಗಂಡ, 1988ರ ‘ಬೀಟಲ್‌ಜ್ಯೂಸ್’ನಲ್ಲಿ ತಲೆ ಕೆದರಿಕೊಂಡ ದೆವ್ವ. ಇವರು ಬ್ಯಾಟ್‌ಮನ್ನಾ?

ಇಂಟರ್ನೆಟ್ ಮನೆಮನೆಗೆ ಬಂದಿರದ ಕಾಲ. ಜನ ಕಾಗದ ಬರೆದರು. ಸ್ಟುಡಿಯೋಗೆ ಬಂದ ಪ್ರತಿಭಟನೆಯ ಕಾಗದಗಳು ಸುಮಾರು 50,000 ಅಂತ ಅಂದಿನಿಂದಲೂ ಹೇಳ್ತಾರೆ. ಷೇರುಪೇಟೆ ಸುದ್ದಿಗೆ ಹೆಸರಾದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಈ ಗಲಾಟೆಯನ್ನ ತನ್ನ ಮುಖಪುಟದಲ್ಲಿ ಹಾಕಿತು.

ಆ ಅಭಿಮಾನಿಗಳನ್ನ ನೋಡಿ ನಗೋದು ಸುಲಭ. ನಾನು ನಗಲ್ಲ, ಅವರ ಭಯಕ್ಕೆ ಕಾರಣ ಇತ್ತು. 1966ರಿಂದ 68ರವರೆಗೆ ಟಿವಿಯಲ್ಲಿ ಬಂದ ಬ್ಯಾಟ್‌ಮನ್ ಪಕ್ಕಾ ತಮಾಷೆ. ಹೊಡೆದಾಟದ ಮಧ್ಯೆ ‘ಪೌ’, ‘ಝಾಪ್’ ಅಂತ ಅಕ್ಷರಗಳು ತೆರೆ ಮೇಲೆ ಹಾರ್ತಿದ್ದವು. ಕಾಮಿಕ್ಸ್ ಓದೋ ದೊಡ್ಡವರನ್ನ ಜಗತ್ತು ಆಡ್ಕೊಂಡು ನಕ್ಕಿದ್ದು ಇದೇ ಕಾರಣಕ್ಕೆ. 1986ರಲ್ಲಿ ಫ್ರಾಂಕ್ ಮಿಲ್ಲರ್ ‘ದ ಡಾರ್ಕ್ ನೈಟ್ ರಿಟರ್ನ್ಸ್’ ಬರೆದು, ಬ್ಯಾಟ್‌ಮನ್‌ಗೆ ವಯಸ್ಸು, ನೋವು, ಕತ್ತಲೆ ಎಲ್ಲ ಕೊಟ್ಟ ಮೇಲೆ ಅವರು ಒಂದಿಷ್ಟು ತಲೆ ಎತ್ತಿ ಓಡಾಡ್ತಿದ್ದರು. ಅಷ್ಟರಲ್ಲಿ ಮತ್ತೆ ಹಾಸ್ಯನಟ! ಮತ್ತೆ ನಗೆಪಾಟಲು ಅಂತ ಹೆದರಿದರು.

1989ರ ಜೂನ್ 23ಕ್ಕೆ ಸಿನಿಮಾ ಬಂತು. ಜಗತ್ತಿನಾದ್ಯಂತ 40 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಮುಖವಾಡದ ಹಿಂದಿನ ಕೀಟನ್ ಕಣ್ಣುಗಳು ಸಾಕಾದವು. ಕಾಗದ ಬರೆದವರಲ್ಲಿ ಎಷ್ಟೋ ಜನ ಟಿಕೆಟ್ ಸಾಲಿನಲ್ಲೂ ನಿಂತಿದ್ದಿರಬೇಕು.

ದುಡ್ಡಿಲ್ಲದ ಕಂಪನಿ, ಕೋರ್ಟಿನಲ್ಲಿ ಜೇಡ

ಬ್ಯಾಟ್‌ಮನ್ ಗೆದ್ದ ಮೇಲೆ ಸೂಪರ್‌ಹೀರೋ ಸಿನಿಮಾಗಳ ಸುಗ್ಗಿ ಶುರುವಾಗಬೇಕಿತ್ತು, ಆಗಲಿಲ್ಲ. ಮಾರ್ವೆಲ್ ಕಂಪನಿ ತನ್ನ ವೀರರ ಸಿನಿಮಾ ಹಕ್ಕುಗಳನ್ನ ಒಬ್ಬೊಬ್ಬರಿಗೆ ಒಂದೊಂದು ಅಂತ ಬಿಡಿಬಿಡಿಯಾಗಿ ಮಾರಿತ್ತು. ಸ್ಪೈಡರ್-ಮ್ಯಾನ್ ಹಕ್ಕು 1985ರಲ್ಲಿ ಕ್ಯಾನನ್ ಅನ್ನೋ ಕಂಪನಿಗೆ ಹೋಗಿ, ಅಲ್ಲಿಂದ ಕೈ ಬದಲಾಗ್ತಾ ಕ್ಯಾರೊಲ್ಕೊ ಕಂಪನಿಗೆ ಬಂತು. ‘ಟರ್ಮಿನೇಟರ್’ ಖ್ಯಾತಿಯ ಜೇಮ್ಸ್ ಕ್ಯಾಮರೂನ್ ಅದಕ್ಕೆ ಕಥೆಯನ್ನೂ ಬರೆದರು. ಲಿಯೊನಾರ್ಡೊ ಡಿಕಾಪ್ರಿಯೊ ಹೆಸರು ಆಗಲೇ ಕೇಳಿಬಂದಿತ್ತು. ಅಷ್ಟರಲ್ಲಿ ಕ್ಯಾರೊಲ್ಕೊ ದಿವಾಳಿ, ಹಕ್ಕಿಗಾಗಿ ಕೋರ್ಟು ಕಚೇರಿ. 1996ರ ಕೊನೆಗೆ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಸೋನಿ ಕೈಗೆ ಹಕ್ಕು ಸೇರಿ, 2002ರಲ್ಲಿ ಸ್ಯಾಮ್ ರೈಮಿ ಕೈಯಲ್ಲಿ ಸಿನಿಮಾ ಆಗೋ ಹೊತ್ತಿಗೆ ಹದಿನೇಳು ವರ್ಷ ಕಳೆದಿತ್ತು.

ಆ ವರ್ಷಗಳಲ್ಲಿ ಓದುಗರ ಕೈಗೆ ಉಳಿದಿದ್ದು ಕಲ್ಪನೆ ಒಂದೇ. 1991ರಲ್ಲಿ ಶುರುವಾದ ‘ವಿಝಾರ್ಡ್’ ಪತ್ರಿಕೆ ‘ಕಾಸ್ಟಿಂಗ್ ಕಾಲ್’ ಅಂತ ಒಂದು ಅಂಕಣವನ್ನೇ ನಡೆಸ್ತು. ಇಲ್ಲದ ಸಿನಿಮಾಕ್ಕೆ ನಟರನ್ನ ಹುಡುಕೋದೇ ಅಲ್ಲಿನ ಕೆಲಸ.

ಕೆಲವು ಊಹೆಗಳು ಎಷ್ಟು ಸಹಜ ಅಂದ್ರೆ ಸಿನಿಮಾದವರಿಗೂ ಅವೇ ಹೊಳೆದವು. ಎಕ್ಸ್-ಮೆನ್ ತಂಡದ ಬೋಳುತಲೆಯ ಪ್ರೊಫೆಸರ್ ಪಾತ್ರಕ್ಕೆ ಪ್ಯಾಟ್ರಿಕ್ ಸ್ಟೀವರ್ಟ್ ಬಿಟ್ಟು ಬೇರೆ ಹೆಸರೇ ಇರಲಿಲ್ಲ. ನಿರ್ಮಾಪಕಿಯೊಬ್ಬರು ಕಾಮಿಕ್ಸ್ ಒಂದನ್ನ ತೋರಿಸಿದಾಗ, ಇದರ ಮುಖಪುಟದಲ್ಲಿ ನಾನ್ಯಾಕಿದ್ದೀನಿ ಅಂತ ಸ್ಟೀವರ್ಟ್ ಕೇಳಿದರಂತೆ. ಆದರೆ ಅದೇ 2000ನೇ ಇಸವಿಯ ‘ಎಕ್ಸ್-ಮೆನ್’ನಲ್ಲಿ ವುಲ್ವರಿನ್ ಆಗಿ ಬಂದವರು ಹ್ಯೂ ಜಾಕ್‌ಮನ್. ಕಾಮಿಕ್ಸ್‌ನ ವುಲ್ವರಿನ್ ಐದಡಿ ಮೂರಿಂಚಿನ ಕುಳ್ಳ, ಜಾಕ್‌ಮನ್ ಆರಡಿ ದಾಟಿದ ಆಸ್ಟ್ರೇಲಿಯಾದ ನಟ. ಮೊದಲು ಆಯ್ಕೆಯಾಗಿದ್ದ ಡೌಗ್ರೇ ಸ್ಕಾಟ್ ಬೇರೆ ಸಿನಿಮಾದ ಚಿತ್ರೀಕರಣ ಮುಗಿಸಿ ಬರಲಾಗದೇ ಹೋದದ್ದಕ್ಕೆ ಕೊನೆ ಗಳಿಗೆಯಲ್ಲಿ ಸಿಕ್ಕವರು. ಇವತ್ತು ಅವರನ್ನ ಬಿಟ್ಟು ಆ ಪಾತ್ರ ನೆನೆಸ್ಕೊಳ್ಳೋಕೆ ಆಗುತ್ತಾ?

ಕೇಜ್ ತೊಟ್ಟು ಬಿಚ್ಚಿಟ್ಟ ಉಡುಪು

ಹುಟ್ಟದ ಸಿನಿಮಾಗಳಲ್ಲೆಲ್ಲ ದೊಡ್ಡ ಹೆಸರು ‘ಸೂಪರ್‌ಮ್ಯಾನ್ ಲಿವ್ಸ್’. ನಿರ್ದೇಶಕ ಮತ್ತೆ ಟಿಮ್ ಬರ್ಟನ್, ಸೂಪರ್‌ಮ್ಯಾನ್ ನಿಕೋಲಸ್ ಕೇಜ್. ಕೇಜ್‌ಗೆ ಕಾಮಿಕ್ಸ್ ಹುಚ್ಚು ಎಷ್ಟಿತ್ತು ಅಂದ್ರೆ, ಮುಂದೆ ಮಗ ಹುಟ್ಟಿದಾಗ ಸೂಪರ್‌ಮ್ಯಾನ್‌ನ ಹುಟ್ಟುಹೆಸರು ಕಲ್-ಎಲ್ ಅನ್ನೋದನ್ನೇ ಇಟ್ಟರು. ಸಿನಿಮಾ ಆಗಲಿ ಬಿಡಲಿ, ಅವರಿಗೆ 2 ಕೋಟಿ ಡಾಲರ್ ಕೊಡೋ ಒಪ್ಪಂದ ಆಗಿತ್ತು.

ಮೊದಲ ಕಥೆ ಬರೆದ ಕೆವಿನ್ ಸ್ಮಿತ್ ಆ ಅನುಭವವನ್ನ ವೇದಿಕೆ ಮೇಲೆ ಹೇಳಿ ಜನರನ್ನ ನಗಿಸಿದ್ದಾರೆ. ನಿರ್ಮಾಪಕ ಜಾನ್ ಪೀಟರ್ಸ್ ಮೂರು ಷರತ್ತು ಹಾಕಿದ್ದರಂತೆ. ಸೂಪರ್‌ಮ್ಯಾನ್ ಆ ಹಳೇ ಉಡುಪು ಹಾಕಬಾರದು, ಹಾರಬಾರದು, ಕೊನೆಯಲ್ಲಿ ದೈತ್ಯ ಜೇಡದ ಜೊತೆ ಕಾದಾಡಬೇಕು. 1998ರಲ್ಲಿ, ಕ್ಯಾಮೆರಾ ಓಡೋ ಮುಂಚೆಯೇ, ಸುಮಾರು 3 ಕೋಟಿ ಡಾಲರ್ ಖರ್ಚಾದ ಮೇಲೆ ಸ್ಟುಡಿಯೋ ಕೈಚೆಲ್ಲಿತು. ಜೇಡ ಮಾತ್ರ ವ್ಯರ್ಥ ಆಗಲಿಲ್ಲ. ಪೀಟರ್ಸ್ ನಿರ್ಮಿಸಿದ ‘ವೈಲ್ಡ್ ವೈಲ್ಡ್ ವೆಸ್ಟ್’ ಸಿನಿಮಾದಲ್ಲಿ 1999ರಲ್ಲಿ ಕಬ್ಬಿಣದ ಜೇಡವಾಗಿ ನಡ್ಕೊಂಡು ಬಂತು!

ಉಳಿದಿದ್ದು ಉಡುಪು ಹಾಕಿ ನೋಡಿದಾಗಿನ ಕೆಲವು ಚಿತ್ರಗಳು. ಉದ್ದ ಕೂದಲು, ಮಿರಮಿರ ಮಿಂಚೋ ಬಟ್ಟೆ, ಅರೆಮುಚ್ಚಿದ ಕಣ್ಣು. ಫೋಟೋ ಹೊರಬಿದ್ದಾಗ ಜನ ನಕ್ಕರು. ಆಮೇಲೆ ನಿಧಾನಕ್ಕೆ ನಗು ಕುತೂಹಲ ಆಯ್ತು, ಕುತೂಹಲ ಹಂಬಲ ಆಯ್ತು. ಜಾನ್ ಶ್ನೆಪ್ ಅನ್ನೋ ನಿರ್ದೇಶಕ ಅಭಿಮಾನಿಗಳಿಂದ ಚಂದಾ ಎತ್ತಿ, ಈ ಸಿನಿಮಾ ಸತ್ತ ಕಥೆಯನ್ನ 2015ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಕೇಜ್ ಉಡುಪು ತೊಟ್ಟು ಕನ್ನಡಿ ಮುಂದೆ ಮಗುವಿನ ಹಾಗೆ ತಿರುಗಿ ತಿರುಗಿ ನೋಡ್ಕೊಳ್ಳೋದನ್ನ ನೋಡಿದಾಗ ನನಗೆ ಅನಿಸಿದ್ದಿಷ್ಟು: ತಯಾರಾದ ಸಿನಿಮಾ ಒಂದಲ್ಲ ಒಂದು ಕಡೆ ಸೋಲುತ್ತೆ, ತಯಾರಾಗದ್ದಕ್ಕೆ ಆ ಭಯವೇ ಇಲ್ಲ. ಅದು ನಮ್ಮ ತಲೆಯಲ್ಲಿ ಪ್ರತಿ ಶುಕ್ರವಾರ ಬಿಡುಗಡೆಯಾಗಿ ಪ್ರತಿ ಸಲ ನೂರು ದಿನ ಓಡುತ್ತೆ.

ಕಾಗದದ ಮೇಲೊಬ್ಬ ನಟ

ಇಲ್ಲಿವರೆಗೆ ಹೇಳಿದ ಕನಸುಗಳು ಒಂದೋ ಬೇಡ ಅಂದವು, ಇಲ್ಲಾ ಕನಸಾಗೇ ಉಳಿದವು. ಇನ್ನು ಮುಂದಿನ ಎರಡು ಕಥೆಗಳಲ್ಲಿ ಕುಲಾವಿ ಹೊಲಿದದ್ದರಿಂದಲೇ ಕೂಸು ಹುಟ್ಟಿತು.

2002ರಲ್ಲಿ ಮಾರ್ಕ್ ಮಿಲ್ಲರ್ ಬರೆದು, ಬ್ರಯಾನ್ ಹಿಚ್ ಚಿತ್ರ ಬಿಡಿಸಿದ ‘ದ ಅಲ್ಟಿಮೇಟ್ಸ್’ ಕಾಮಿಕ್ಸ್ ಬಂತು. ಅದರಲ್ಲಿ ಪತ್ತೇದಾರಿ ಸಂಸ್ಥೆಯ ಮುಖ್ಯಸ್ಥ ನಿಕ್ ಫ್ಯೂರಿ. 1963ರಿಂದ ಅವನು ಬಿಳಿಯ. ಹಿಚ್ ಅವನನ್ನ ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಹಾಗೇ ಬಿಡಿಸಿಬಿಟ್ಟರು, ಅನುಮತಿ ಕೇಳದೇ! ಅಷ್ಟು ಸಾಲದು ಅಂತ, ನಮ್ಮ ಮೇಲೆ ಸಿನಿಮಾ ಮಾಡಿದ್ರೆ ಯಾರು ಯಾರ ಪಾತ್ರ ಮಾಡಬೇಕು ಅಂತ ಕಾಮಿಕ್ಸ್‌ನ ಪಾತ್ರಗಳೇ ಹರಟೆ ಹೊಡೆಯೋ ಒಂದು ದೃಶ್ಯ ಇಟ್ಟರು. ಫ್ಯೂರಿ ತನ್ನ ಪಾತ್ರಕ್ಕೆ ಹೇಳೋ ಹೆಸರು ಯಾವುದು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಜಾಕ್ಸನ್ ಕಾಮಿಕ್ಸ್ ಓದುಗರು. ತಮ್ಮದೇ ಮುಖ ಕಂಡು ವಿಚಾರಿಸಿದರು. ಕೋರ್ಟಿಗೆ ಹೋಗಬಹುದಿತ್ತು, ಬದಲಿಗೆ ಸಿನಿಮಾದ ಮಾತಾಯ್ತು. 2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಮುಗಿದು ಹೆಸರುಗಳೆಲ್ಲ ಓಡಿದ ಮೇಲೆ ಕತ್ತಲಿನಿಂದ ಎದ್ದು ಬಂದವರು ಅವರೇ. ಚಿತ್ರಕಾರನೊಬ್ಬನ ಆಸೆ ಆರು ವರ್ಷದಲ್ಲಿ ತೆರೆ ಮೇಲೆ ನಿಂತಿತ್ತು. ಮುಂದಿನ ವರ್ಷವೇ ಜಾಕ್ಸನ್ ಒಂಬತ್ತು ಸಿನಿಮಾಗಳ ಒಪ್ಪಂದಕ್ಕೆ ಸಹಿ ಹಾಕಿದರು.

ಕೇಳಿದ್ದು ಒಂದು ಅವಕಾಶ

ಎರಡನೇ ಕಥೆ 2010ರದು. ಆ ವರ್ಷ ಜನವರಿಯಲ್ಲಿ ಸೋನಿ ತನ್ನ ನಾಲ್ಕನೇ ಸ್ಪೈಡರ್-ಮ್ಯಾನ್ ಸಿನಿಮಾ ಕೈಬಿಟ್ಟು, ಹೊಸ ನಟನನ್ನ ಹುಡುಕೋಕೆ ಶುರು ಮಾಡ್ತು. ಸುದ್ದಿಯಲ್ಲಿದ್ದ ಹೆಸರುಗಳೆಲ್ಲ ಬಿಳಿಯರದು. ಪೀಟರ್ ಪಾರ್ಕರ್ ನ್ಯೂಯಾರ್ಕಿನ ಕ್ವೀನ್ಸ್‌ನ ಬಡ ಹುಡುಗ, ಇವತ್ತಿನ ಕ್ವೀನ್ಸ್ ಹುಡುಗ ಬಿಳಿಯನೇ ಯಾಕಾಗಿರಬೇಕು ಅಂತ ಒಂದು ಲೇಖನ ಕೇಳಿತು. ‘ಕಮ್ಯುನಿಟಿ’ ಧಾರಾವಾಹಿಯ ಕಪ್ಪು ವರ್ಣೀಯ ನಟ ಡೊನಾಲ್ಡ್ ಗ್ಲೋವರ್ ಆ ಮಾತನ್ನ ಎತ್ತಿಕೊಂಡರು. ‘ಡೊನಾಲ್ಡ್ ಫಾರ್ ಸ್ಪೈಡರ್‌ಮ್ಯಾನ್’ ಅನ್ನೋ ಹ್ಯಾಷ್‌ಟ್ಯಾಗ್ ಟ್ವಿಟ್ಟರ್ ತುಂಬಾ ಹರಡಿತು.

ಅವರು ಪಾತ್ರ ಕೊಡಿ ಅಂತ ಹಠ ಹಿಡಿದಿರಲಿಲ್ಲ. ಕೇಳಿದ್ದು ಆಡಿಷನ್‌ಗೆ ಒಂದು ಅವಕಾಶ, ಅಷ್ಟೇ. ಬೆಂಬಲದ ಜೊತೆ ಬಣ್ಣ ಹಿಡಿದು ಬೈದವರ ಸಾಲೂ ಉದ್ದವಾಗಿತ್ತು. ಜೇಡ ಕಚ್ಚಿ ಗೋಡೆ ಹತ್ತೋದನ್ನ ಸಲೀಸಾಗಿ ನಂಬೋ ಜನಕ್ಕೆ, ಗೋಡೆ ಹತ್ತೋನ ಚರ್ಮ ಕಪ್ಪಗಿದ್ರೆ ನಂಬೋಕೆ ಆಗಲಿಲ್ಲ! ಜುಲೈನಲ್ಲಿ ಪಾತ್ರ ಆಂಡ್ರ್ಯೂ ಗಾರ್‌ಫೀಲ್ಡ್‌ಗೆ ಹೋಯ್ತು.

ಕಥೆ ಅಲ್ಲಿಗೆ ಮುಗೀಬೇಕಿತ್ತು. ಸೆಪ್ಟೆಂಬರ್‌ನಲ್ಲಿ ‘ಕಮ್ಯುನಿಟಿ’ಯ ಎರಡನೇ ಸರಣಿ ಶುರುವಾದಾಗ, ಗ್ಲೋವರ್ ಸ್ಪೈಡರ್-ಮ್ಯಾನ್ ಪೈಜಾಮ ತೊಟ್ಟು ಹಾಸಿಗೆಯಿಂದ ಎದ್ದರು. ಕೆಲವೇ ಸೆಕೆಂಡಿನ ತಮಾಷೆ. ಕಾಮಿಕ್ಸ್ ಲೇಖಕ ಬ್ರಯಾನ್ ಮೈಕೆಲ್ ಬೆಂಡಿಸ್ ಅದನ್ನ ನೋಡಿದರು. ಬಿಳಿಯನಲ್ಲದ ಸ್ಪೈಡರ್-ಮ್ಯಾನ್ ಬಗ್ಗೆ ಮಾರ್ವೆಲ್ ಒಳಗೆ ಮಾತು ಮೊದಲೇ ನಡೀತಿತ್ತು. ಗ್ಲೋವರ್‌ರನ್ನ ಆ ಬಟ್ಟೆಯಲ್ಲಿ ಕಂಡ ಮೇಲೆ, ಇವರಿರೋ ಕಥೆ ನಾನು ಓದಬೇಕು ಅನ್ನಿಸಿತು ಅಂತ ಬೆಂಡಿಸ್ ಹೇಳಿದ್ದಾರೆ. 2011ರ ಆಗಸ್ಟ್‌ನಲ್ಲಿ, ಚಿತ್ರಕಾರ್ತಿ ಸಾರಾ ಪಿಕೆಲ್ಲಿ ಜೊತೆ ಸೇರಿ ಅವರು ಮೈಲ್ಸ್ ಮೊರಾಲೆಸ್‌ನನ್ನ ತಂದರು. ಅಪ್ಪ ಆಫ್ರಿಕನ್ ಅಮೆರಿಕನ್, ಅಮ್ಮ ಪೋರ್ಟೊರಿಕೊ ಮೂಲದವಳು.

2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ಗೆ ಮೈಲ್ಸ್ ನಾಯಕನಾದ. ಆ ಸಿನಿಮಾ ಅನಿಮೇಷನ್ ವಿಭಾಗದ ಆಸ್ಕರ್ ಗೆದ್ದಿತು. ಗ್ಲೋವರ್‌ಗೆ ಕೊನೆಗೂ ಜಾಗ ಸಿಕ್ಕಿತು: 2015ರಲ್ಲಿ ಟಿವಿ ಅನಿಮೇಷನ್‌ನಲ್ಲಿ ಮೈಲ್ಸ್‌ಗೆ ದನಿ, 2017ರ ‘ಹೋಮ್‌ಕಮಿಂಗ್’ನಲ್ಲಿ ಮೈಲ್ಸ್‌ನ ಚಿಕ್ಕಪ್ಪನ ಪಾತ್ರ. ಸ್ಪೈಡರ್-ವರ್ಸ್‌ನ ಎರಡನೇ ಭಾಗ 2023ರಲ್ಲಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಪವಿತ್ರ್ ಪ್ರಭಾಕರ್ ಅನ್ನೋ ಭಾರತೀಯ ಸ್ಪೈಡರ್-ಮ್ಯಾನ್ ಕೂಡ ಅದರಲ್ಲಿ ಹಾರಾಡ್ತಾನೆ. ಒಂದು ಬಾಗಿಲು ತೆರೆದಾಗ ಒಳಗೆ ಬರೋರು ಒಬ್ಬರೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಂಬಲಕ್ಕೆ ಬಂದ ಬೆಲೆ

ಇಷ್ಟೊತ್ತಿಗೆ ಸ್ಟುಡಿಯೋಗಳೂ ಪಾಠ ಕಲಿತಿದ್ದವು. ಅಭಿಮಾನಿಗಳ ಹಂಬಲ ಪುಗಸಟ್ಟೆ ಸಿಗೋ ಮಾರುಕಟ್ಟೆ ಸಮೀಕ್ಷೆ ಅಂತ ಅವರಿಗೆ ಗೊತ್ತಾಯ್ತು. ‘ಫೆಂಟಾಸ್ಟಿಕ್ ಫೋರ್’ ತಂಡದ ರೀಡ್ ರಿಚರ್ಡ್ಸ್ ಆಗಿ ಜಾನ್ ಕ್ರಸಿನ್ಸ್ಕಿ ಬರಲಿ ಅಂತ ಜನ ವರ್ಷಗಟ್ಟಲೆ ಚಿತ್ರ ಬಿಡಿಸಿದ್ದರು. 2022ರಲ್ಲಿ ಡಾಕ್ಟರ್ ಸ್ಟ್ರೇಂಜ್‌ನ ಎರಡನೇ ಸಿನಿಮಾದಲ್ಲಿ ಅವರು ಬಂದೇ ಬಂದರು. ಚಿತ್ರಮಂದಿರದಲ್ಲಿ ಶಿಳ್ಳೆ, ಚಪ್ಪಾಳೆ. ಕೆಲವೇ ನಿಮಿಷದಲ್ಲಿ ಆ ಪಾತ್ರ ಸತ್ತೂ ಹೋಯ್ತು. 2025ರ ಸಿನಿಮಾದಲ್ಲಿ ರೀಡ್ ಆದವರು ಪೆದ್ರೊ ಪಾಸ್ಕಲ್.

ಇದರ ತುತ್ತತುದಿ 2023ರ ‘ದ ಫ್ಲ್ಯಾಶ್’. 1988ರಲ್ಲಿ ಬೇಡ ಅನ್ನಿಸ್ಕೊಂಡ ಮೈಕೆಲ್ ಕೀಟನ್ ಅದರಲ್ಲಿ ಬ್ಯಾಟ್‌ಮನ್ ಆಗಿ ಮರಳಿದರು, ಅದೂ ಸಿನಿಮಾದ ದೊಡ್ಡ ಆಕರ್ಷಣೆಯಾಗಿ. ಅದೇ ಸಿನಿಮಾದಲ್ಲಿ ಕ್ಷಣಹೊತ್ತು ನಿಕೋಲಸ್ ಕೇಜ್ ಸೂಪರ್‌ಮ್ಯಾನ್ ಆಗಿ ಬಂದು ದೈತ್ಯ ಜೇಡದ ಜೊತೆ ಕಾದಾಡ್ತಾರೆ. ಕೇಜ್ ಆಮೇಲೆ ಸಂದರ್ಶನದಲ್ಲಿ ಹೇಳಿದ್ದು ಬೇರೆ. ಚಿತ್ರೀಕರಣದಲ್ಲಿ ಅವರು ಮಾಡಿದ್ದು ಒಂದು ಲೋಕ ನಾಶವಾಗೋದನ್ನ ನಿಂತು ನೋಡೋ ಅಭಿನಯ ಮಾತ್ರ, ಜೇಡ ಇರಲೇ ಇಲ್ಲ. ಇಪ್ಪತ್ತೈದು ವರ್ಷದ ಹಂಬಲವನ್ನ ಕಂಪ್ಯೂಟರ್ ಗೊಂಬೆ ಮಾಡಿ ಕುಣಿಸಿತು. ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು.

ಹಾಗಾದ್ರೆ ಈ ಚರಿತ್ರೆಯಿಂದ ನಾನು ತಗೊಂಡಿದ್ದು ಏನು? ಅಭಿಮಾನಿಗಳ ಕಲ್ಪನೆ ಎರಡು ಬಗೆ. ಒಂದು, ‘ಇವರು ಆಗಕೂಡದು’ ಅನ್ನೋದು. 50,000 ಕಾಗದಗಳು ಹೇಳಿದ್ದು ಅದನ್ನ, ಗ್ಲೋವರ್‌ಗೆ ಬೈದವರು ಹೇಳಿದ್ದೂ ಅದನ್ನೇ. ಮೊದಲನೆಯವರದು ಭಯ, ಎರಡನೆಯವರದು ತಿರಸ್ಕಾರ. ಎರಡೂ ಒಂದೇ ಅಂತ ನಾನು ಹೇಳಲ್ಲ, ಆದರೆ ಎರಡೂ ಹಾಕೋಕೆ ಹೊರಟಿದ್ದು ಬೀಗ. ಇನ್ನೊಂದು, ‘ಇವರಾದ್ರೆ ಹೇಗಿರುತ್ತೆ?’ ಅನ್ನೋ ಪ್ರಶ್ನೆ. ಹಿಚ್ ಪೆನ್ಸಿಲ್ ಹಿಡಿದು ಕೇಳಿದ್ದು, ಬೆಂಡಿಸ್ ಟಿವಿ ಮುಂದೆ ಕೂತು ಕೇಳ್ಕೊಂಡಿದ್ದು ಇದನ್ನ. ಸ್ಟುಡಿಯೋ ಈ ಪ್ರಶ್ನೆಯನ್ನ ಕೊಂಡುಕೊಂಡು ಕೆಲವು ನಿಮಿಷದ ಶಿಳ್ಳೆಗೆ ಮಾರಬಹುದು. ಆದರೆ ಅದನ್ನ ಮೊದಲು ಕೇಳೋಕೆ ದುಡ್ಡೂ ಬೇಡ, ಯಾರ ಹಕ್ಕುಪತ್ರವೂ ಬೇಡ.

ನಿಮ್ಮ ತಲೆಯೊಳಗೂ ಒಂದು ತೆರೆಕಾಣದ ಸಿನಿಮಾ ಓಡ್ತಾನೇ ಇರುತ್ತೆ ಅನ್ನೋದು ನನ್ನ ಗುಮಾನಿ. ಅದರಲ್ಲಿ ವೀರನ ಜಾಗದಲ್ಲಿ ಯಾರನ್ನ ನಿಲ್ಲಿಸಿದ್ದೀರಿ, ಇದುವರೆಗೆ ಆ ಜಾಗ ಸಿಗದ ಯಾರನ್ನ ನಿಲ್ಲಿಸಬಹುದು ಅಂತ ಒಮ್ಮೆ ಯೋಚಿಸಿ, ನಮಗೂ ಬರೆದು ತಿಳಿಸಿ.